ಅಣ್ಣನ ಕಿವಿ, ಕಾರಿನ ಛಂದಸ್ಸು

ಎಂಜಿನ್ನುಗಳು ನನ್ನ ಅಣ್ಣನೊಡನೆ ಮಾತನಾಡುತ್ತವೆ ಎಂದು ನಮ್ಮ ಜುಗೂಳದ ಜನ ಹೇಳುತ್ತಿದ್ದರು. ಆ ವಾಕ್ಯವನ್ನು ಸ್ವಲ್ಪ ತಿದ್ದಬೇಕು. ಎಂಜಿನ್ನುಗಳು ಎಲ್ಲರೊಡನೆಯೂ ಮಾತನಾಡುತ್ತಿದ್ದವು. ಕಿವಿಗೊಟ್ಟು ಕೇಳುತ್ತಿದ್ದವನು ಅವನೊಬ್ಬ.

ಕೃಷ್ಣೆಯ ದಂಡೆಗುಂಟ ಆಗ ಡೀಸೆಲ್ ಪಂಪುಗಳು ಸಾಲಾಗಿ ಕೂತಿದ್ದವು. ಬೆಳಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ರೊಟ್ಟಿ ತಿನ್ನುತ್ತಲೇ, ಹೊಲದಾಚೆ ಶುರುವಾದ ಪಂಪು ಯಾರದು, ಅದಕ್ಕೆ ನೀರು ಹತ್ತಿದೆಯೇ ಇಲ್ಲವೇ ಎಂದು ಅಣ್ಣ ಹೇಳಿಬಿಡುತ್ತಿದ್ದ. "ಕಾಕಾನ ಪಂಪಿಗೆ ಗಾಳಿ ಹಿಡದೈತಿ ನೋಡ. ಈಗ ಬಂದ್ ಬೀಳ್ತೈತಿ" ಎಂದು ಅವನು ತುತ್ತು ಬಾಯಿಗಿಡುವಷ್ಟರಲ್ಲಿ ಆ ಸದ್ದು ಕೆಮ್ಮಿ ನಿಲ್ಲುತ್ತಿತ್ತು.

ಶಾಲೆಯಲ್ಲಿ ಅವನಿಗೆ ಒಲಿದ ಪಾಠ ಒಂದೇ: ಛಂದಸ್ಸು. ಮೊಟಕಾಗಿ ನುಡಿಯುವ ಅಕ್ಷರ ಲಘು, ಎಳೆದೋ ಒತ್ತಿಯೋ ನುಡಿಯುವ ಅಕ್ಷರ ಗುರು. ಅಂಥ ಮೂರು ಅಕ್ಷರಗಳ ಕಟ್ಟು ಒಂದು ಗಣ. ಗಣಗಳು ಒಟ್ಟು ಎಂಟು. ಉಳಿದವರು ಇದನ್ನು ಬಾಯಿಪಾಠ ಮಾಡಲು ಪರದಾಡುತ್ತಿದ್ದರೆ ಅಣ್ಣ ಮೊಣಕಾಲಿನ ಮೇಲೆ ಬೆರಳಿನಿಂದ ಬಡಿದು ತೋರಿಸುತ್ತಿದ್ದ. ಪಂಪುಗಳ ಸದ್ದನ್ನೂ ಹಾಗೆಯೇ ಒಡೆದು, ಇದು ಭಗಣದ ಎಂಜಿನ್, ಅದು ನಗಣದ್ದು ಎಂದು ಹೆಸರಿಟ್ಟಿದ್ದ. ಅಪ್ಪ ತಲೆ ಚಚ್ಚಿಕೊಳ್ಳುತ್ತಿದ್ದರು. "ಪದ್ಯದಾಗ ಎಂಜಿನ್ ಕೇಳ್ತಾನ, ಎಂಜಿನ್‌ದಾಗ ಪದ್ಯ ಕೇಳ್ತಾನ. ಪಾಸ್ ಯಾವಾಗ ಆಗ್ತಾನ ಇಂವಾ?"

ಅವನು ಪಾಸಾಗಲಿಲ್ಲ. ಅಥಣಿಯ ಒಬ್ಬ ಮಿಸ್ತ್ರಿಯ ಕೈಕೆಳಗೆ ಕೆಲಸ ಕಲಿತು, ನಿಪ್ಪಾಣಿಯಲ್ಲಿ ಹೆದ್ದಾರಿಯ ಮಗ್ಗುಲಿಗೆ ಸ್ವಂತ ಗ್ಯಾರೇಜು ಹಾಕಿದ. ಪಾಸಾದ ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ಸೇರಿದೆ. ಅಂದಿನಿಂದ ಅವನು ನನ್ನನ್ನು 'ತಂಗೀ' ಎಂದು ಕರೆಯುವುದನ್ನು ಬಿಟ್ಟು, ಊರಿನ ಮಕ್ಕಳು ಶಿಕ್ಷಕಿಯರನ್ನು ಕರೆಯುವಂತೆ 'ಅಕ್ಕೋರ' ಎಂದು ಕರೆಯತೊಡಗಿದ. ತಂಗಿಯನ್ನು ಅಕ್ಕನೆಂದು ಕರೆಯುವುದು ಸಂಬಂಧವಾಚಕದ ದೋಷವೆಂದು ನಾನು ಹಲವು ಬಾರಿ ಹೇಳಿದ್ದೇನೆ. ಅವನು ತಿದ್ದಿಕೊಂಡಿಲ್ಲ.

ನಮ್ಮ ಶಾಲೆಗೆ ಕಂಪ್ಯೂಟರು ಬಂದದ್ದು ಎಂಬತ್ತರ ದಶಕದ ನಡುಭಾಗದಲ್ಲಿ. ಅದಕ್ಕಾಗಿ ಪ್ರಯೋಗಶಾಲೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿ, ಕಿಟಕಿಗಳಿಗೆ ದಪ್ಪ ಪರದೆ ಹಾಕಿ, ನೆಲಕ್ಕೆ ಚಾಪೆ ಹಾಸಿದ್ದರು. ಬಾಗಿಲಲ್ಲಿ 'ಪಾದರಕ್ಷೆಗಳನ್ನು ಹೊರಗೆ ಬಿಡಿರಿ' ಎಂಬ ಹಲಗೆ. ಅದನ್ನು ನಾನೇ ಬರೆದುಕೊಟ್ಟಿದ್ದೆ. ಧೂಳು ಹೊಕ್ಕರೆ ಯಂತ್ರ ಕೆಡುತ್ತದೆ ಎನ್ನುವುದು ಕಾರಣವಾಗಿದ್ದರೂ, ಬರಿಗಾಲಿನ ಮಕ್ಕಳು ಒಳಗೆ ಬಂದವರೇ ಕೈಮುಗಿಯುತ್ತಿದ್ದರು. ಯಾರೂ ಅವರನ್ನು ತಡೆಯಲಿಲ್ಲ. ಕೋಣೆಯ ಬೀಗದ ಕೈ ಗಣಿತದ ಶಿಕ್ಷಕರ ಜನಿವಾರದಲ್ಲಿ ಇರುತ್ತಿತ್ತು.

ಅವರೊಡನೆ ನನ್ನ ಮೊದಲ ತಕರಾರು ಹೆಸರಿನ ಕುರಿತು. 'ಕಂಪ್ಯೂಟರ್' ಎಂದು ಬರೆಯುವ ಬದಲು 'ಗಣಕಯಂತ್ರ' ಎಂದು ಬರೆಯಬೇಕೆಂದು ನಾನು ಹಟ ಹಿಡಿದಿದ್ದೆ. ಗಣಕ ಎಂದರೆ ಎಣಿಸುವುದು. ಛಂದಸ್ಸಿನ ಗಣಕ್ಕೂ ಅದಕ್ಕೂ ಬೇರು ಒಂದೇ. ಈ ಮಾತನ್ನು ಕೇಳಿ ಅವರು ನಕ್ಕರು.

"ಅಕ್ಕೋರ, ನಿಮ್ಮ ಎಂಟ ಗಣ ಇದಕ್ಕೆಲ್ಲಿ ತಿಳೀಬೇಕ್ರಿ? ಇದಕ್ಕ ಗೊತ್ತಿರೂದ ಎರಡ. ಒಂದ ಐತಿ, ಒಂದ ಇಲ್ಲ. ಒಂದು, ಸೊನ್ನಿ. ಅಷ್ಟ."

"ಹಂಗಾದ್ರ ಇದು ನಿಮ್ಮ ವಿಷಯ ಅಲ್ರಿ ಸರ್, ನಂದು" ಎಂದೆ. "ಗುರು, ಲಘು. ನಮಗೂ ಎರಡ ಗೊತ್ತಿರೂದು."

ಅವರಿಗೆ ಅದು ಹಿಡಿಸಿತು. ಗುರು-ಲಘುಗಳು ಎಷ್ಟು ಬಗೆಯಾಗಿ ಕೂಡಬಹುದೋ ಅಷ್ಟನ್ನೂ ಒಂದರ ಕೆಳಗೊಂದು ಬರೆಯುವ ಕ್ರಮಕ್ಕೆ ಪ್ರಸ್ತಾರ ಎಂದು ಹೆಸರು. ಅದನ್ನು ಹಿಂದಿನವರು ಮರಳಿನ ಮೇಲೆ ಬೆರಳಿನಿಂದ ಬರೆದು ಕಲಿಸುತ್ತಿದ್ದರು. ನಾವು ಅದನ್ನು ಯಂತ್ರಕ್ಕೆ ಕಲಿಸಿದೆವು. ತೆರೆಯ ಮೇಲೆ ಕನ್ನಡ ಮೂಡುತ್ತಿರಲಿಲ್ಲವಾದ್ದರಿಂದ ಇಂಗ್ಲಿಷಿನ ಜಿ ಮತ್ತು ಎಲ್ ಅಕ್ಷರಗಳನ್ನೇ ಗುರು-ಲಘು ಎಂದು ಒಪ್ಪಿಕೊಂಡೆವು. ಮೂರು ಅಕ್ಷರದ ಎಂಟು ಗಣಗಳು ಹಸಿರು ಬೆಳಕಿನಲ್ಲಿ ಒಂದರ ಕೆಳಗೊಂದು ಇಳಿದು ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಆಸೆ ಹೆಚ್ಚಿತು. ಒಂದು ಸಾಲಿಗೆ ಇಪ್ಪತ್ತಾರು ಅಕ್ಷರ ಇರುವ ವೃತ್ತದ ಪ್ರಸ್ತಾರವನ್ನು ಕೇಳಿದೆ. ಯಂತ್ರ ಬರೆಯತೊಡಗಿತು. ಒಂದು ತಾಸು ಮುಗಿಯಿತು, ಊಟದ ಗಂಟೆ ಹೊಡೆಯಿತು. ಅದು ಬರೆಯುತ್ತಲೇ ಇತ್ತು.

"ಇನ್ನೂ ಎಷ್ಟ ಉಳದಾವ್ರಿ ಸರ್?"

"ಇದ ರಭಸದಾಗ ಹೋದ್ರ, ನಿಮ್ಮ ಪದ್ಯ ಮುಗಿಯೂದ್ರಾಗ ಈ ಹುಡುಗರು ನೌಕ್ರಿ ಹಿಡದಿರ್ತಾರ್ರಿ."

ಅಷ್ಟರಲ್ಲಿ ಕರೆಂಟು ಹೋಯಿತು. ಪರದೆ ಹಾಕಿದ ಕೋಣೆ ಕತ್ತಲಾಯಿತು, ಬರೆದದ್ದೆಲ್ಲವೂ ಅಳಿಸಿಹೋಯಿತು.

ಕರೆಂಟಿನ ಈ ಕಾಟಕ್ಕಾಗಿ ಶಾಲೆಯವರು ಒಂದು ಹಳೆಯ ಜನರೇಟರು ತಂದರು. ಅದು ಬಂದ ತಿಂಗಳಲ್ಲೇ ಕೆಟ್ಟಿತು. ನಾನು ಅಣ್ಣನನ್ನು ಕರೆಸಿದೆ. ಅವನದೊಂದು ಉದ್ದನೆಯ ಸ್ಕ್ರೂಡ್ರೈವರ್ ಇತ್ತು. ತುದಿಯನ್ನು ಎಂಜಿನ್ನಿಗೆ ಇಟ್ಟು, ಮರದ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳುವಂತೆ. ಜನರೇಟರನ್ನು ಹಾಗೆ ಕೇಳಿ, ಸರಿಮಾಡಿ, ಕೈ ಒರೆಸಿಕೊಳ್ಳುತ್ತ ನನ್ನ ಗಣಕಯಂತ್ರವನ್ನು ನೋಡಲು ಬಂದ. ಚಪ್ಪಲಿ ಬಿಟ್ಟ. ನಾನು ಪ್ರಸ್ತಾರವನ್ನು ಬರೆಸಿ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಆ ಸ್ಕ್ರೂಡ್ರೈವರನ್ನು ಪೆಟ್ಟಿಗೆಯ ಮೇಲಿಟ್ಟು ಕಿವಿ ಹಚ್ಚಿದ. ಗಣಿತದ ಶಿಕ್ಷಕರು ಹೌಹಾರಿದರು.

"ಇದಕ್ಕ ದನಿನ ಇಲ್ಲಲ್ಲ ಬೇ" ಎಂದ ಅಣ್ಣ. "ಜಡ್ಡ ಬಿದ್ರ ಹೆಂಗ ಗೊತ್ತಾಗಬೇಕು?"

"ಜಡ್ಡ ಬಿದ್ರ ಅದಽ ಬರದು ಹೇಳ್ತೈತ್ರಿ" ಎಂದರು ಶಿಕ್ಷಕರು, ಸ್ಕ್ರೂಡ್ರೈವರನ್ನು ಮೆಲ್ಲಗೆ ಸರಿಸುತ್ತ.

"ಎಲ್ಲಾ ಜಡ್ಡ ಹೇಳಾಕ ಬರ್ತಾವೇನ್ರಿ?" ಎಂದು ಅಣ್ಣ ನಕ್ಕು ಹೊರಟ.

ಈ ಮಾತಿನ ನಂತರ ಹತ್ತು-ಹನ್ನೆರಡು ವರ್ಷ ಕಳೆದಿರಬೇಕು. ಅಷ್ಟರಲ್ಲಿ ಆ ಕೋಣೆಯ ಯಂತ್ರ ಹಳತಾಗಿ, ಅದರ ಜಾಗಕ್ಕೆ ಇನ್ನೊಂದು ಬಂದು, ಅದೂ ಹಳತಾಯಿತು. ಹೊಸ ಯಂತ್ರದಲ್ಲಿ ಕನ್ನಡ ಮೂಡಿತು. ಒತ್ತಕ್ಷರಗಳು ಕೆಲವೊಮ್ಮೆ ಒಂದು ಮನೆ ಆಚೆಗೆ ಹೋಗಿ ಕೂರುತ್ತಿದ್ದವು, ಆದರೂ ಮೂಡಿತು. ಚಾಪೆ ಹರಿಯಿತು, ಪರದೆಗಳು ಬಣ್ಣಗೆಟ್ಟವು. ಚಪ್ಪಲಿಯ ಹಲಗೆ ಮಾತ್ರ ಹಾಗೆಯೇ ಇತ್ತು.

ಅಣ್ಣನ ಕಿವಿ ಕೆಟ್ಟ ಸಂಗತಿ ನನಗೆ ತಿಳಿದದ್ದು ವೈನಿಯಿಂದ. ವೈನಿ ಎಂದರೆ ಅಣ್ಣನ ಹೆಂಡತಿ. ಅವಳು ಅಡಿಗೆಮನೆಯಲ್ಲಿ ಪಾತ್ರೆ ಕೈಜಾರಿ ಬಿದ್ದರೂ ಹೊರಗೆ ಕೂತ ಅವನು ತಿರುಗಿ ನೋಡದಿದ್ದ ದಿನ ಅವಳಿಗೆ ಸಂಶಯ ಬಂತಂತೆ. ಗಡಿ ದಾಟಿದರೆ ಮಿರಜ. ಅಲ್ಲಿನ ಕಿವಿಯ ಡಾಕ್ಟರಿಗೆ ತೋರಿಸಿದರು. ಎಂಜಿನ್ನುಗಳ ಸದ್ದಿನಲ್ಲಿ ಇಷ್ಟು ವರ್ಷ ಕಳೆದ ಕಿವಿ ಹೀಗೆ ಆಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ, ಇನ್ನೂ ಹೋಗಬಹುದು ಎಂದರು ಅವರು. ಕಿವಿಗೆ ಹಚ್ಚಿಕೊಳ್ಳಲು ಒಂದು ಯಂತ್ರ ಕೊಟ್ಟರು. ಅದು ಗ್ಯಾರೇಜಿನ ಬಡಿತ, ಹೆದ್ದಾರಿಯ ಹಾರ್ನು, ಗಾಳಿ ತುಂಬುವ ಮಶೀನು ಎಲ್ಲವನ್ನೂ ಒಂದೇ ಸಮನೆ ಹೆಚ್ಚಿಸಿ ಅವನ ತಲೆಯೊಳಗೆ ಸುರಿಯಿತು. ಅವನು ಅದನ್ನು ತೆಗೆದು ಕಪಾಟಿನಲ್ಲಿಟ್ಟ.

"ಯಾರಿಗೂ ಹೇಳಬ್ಯಾಡ ಅಂದಾರವ್ವಾ" ಎಂದಳು ವೈನಿ. "ಕಿವಿ ಕೇಳದ ಮಿಸ್ತ್ರಿ ಹತ್ರ ಯಾರ ಗಾಡಿ ತರ್ತಾರ? ಅವರ ಹೆಸರ ಕಿವಿಯಿಂದ ಆದದ್ದು."

ಅದು ನಿಜವಾಗಿತ್ತು. ರಾಯಬಾಗದಿಂದ, ಐನಾಪುರದಿಂದ ಜನ ಗಾಡಿ ತರುತ್ತಿದ್ದದ್ದು ಆ ಸ್ಕ್ರೂಡ್ರೈವರಿಗಾಗಿ. ಅಣ್ಣ ಈಗಲೂ ಅದನ್ನು ಎಂಜಿನ್ನಿಗೆ ಇಟ್ಟು, ಕಿವಿಗೆ ಹಚ್ಚಿ, ಕಣ್ಣು ಮುಚ್ಚುತ್ತಿದ್ದ. ಆದರೆ ಎಡಗೈಯ ಅಂಗೈ ಬಾನೆಟ್ಟಿನ ಮೇಲೆ ಒತ್ತಿರುತ್ತಿತ್ತು. ಹಳೆಯ ಜೀಪು, ಟ್ರ್ಯಾಕ್ಟರುಗಳ ನಡುಕ ಅಂಗೈಗೆ ತಿಳಿಯುತ್ತಿತ್ತು. ಎದುರಿಗೆ ನಿಂತು ಮಾತನಾಡಿದರೆ ತುಟಿಯನ್ನು ನೋಡಿ ಅರ್ಧ ತಿಳಿಯುತ್ತಿದ್ದ, ಉಳಿದ ಅರ್ಧಕ್ಕೆ ನಕ್ಕುಬಿಡುತ್ತಿದ್ದ. ಬೆನ್ನ ಹಿಂದೆ ಕೂಗಿದರೆ ಏನೂ ಇಲ್ಲ.

ಅವನ ದೊಡ್ಡ ಗಿರಾಕಿ ನಿಪ್ಪಾಣಿಯ ಒಬ್ಬ ತಂಬಾಕಿನ ಸಾಹುಕಾರರು. ಅವರ ಲಾರಿಗಳು, ಜೀಪು, ಅವರನ್ನು ನೋಡಿ ಬಂದ ಉಳಿದ ವ್ಯಾಪಾರಸ್ಥರ ಗಾಡಿಗಳು, ಇವು ಇಲ್ಲದಿದ್ದರೆ ಗ್ಯಾರೇಜು ನಡೆಯುವಂತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅವರು ಕೊಲ್ಲಾಪುರದಿಂದ ಒಂದು ಹೊಸ ಕಾರು ತಂದರು. ಅದು ನಿಂತಲ್ಲಿ ಶುರುವಿದೆಯೋ ಬಂದಾಗಿದೆಯೋ ತಿಳಿಯುತ್ತಿರಲಿಲ್ಲ. ಅಂಗೈಗೂ ಏನೂ ಹೇಳುತ್ತಿರಲಿಲ್ಲ.

ಆ ವರ್ಷ ಗಣೇಶ ಚತುರ್ಥಿಯ ಸೂಟಿಯಲ್ಲಿ ನಾನು ನಿಪ್ಪಾಣಿಯಲ್ಲಿದ್ದೆ. ಕಾರಿನ ಮೊದಲ ತಪಾಸಣೆಗೆಂದು ಕೊಲ್ಲಾಪುರದ ಶೋರೂಮಿನ ಒಬ್ಬ ತರುಣ ಎಂಜಿನಿಯರು ಸಾಹುಕಾರರ ಮನೆಗೆ ಬಂದಿದ್ದವನು, ಅವರ ಮಾತಿನ ಮೇರೆಗೆ ಅಣ್ಣನ ಅಂಗಳಕ್ಕೂ ಬಂದ. ಒಳ್ಳೆಯ ಹುಡುಗ. "ಕಾಕಾ, ಹೇ ಬಘಾ" ಎಂದು ಮರಾಠಿಯಲ್ಲಿ ಒಂದೊಂದನ್ನೇ ತೋರಿಸಿದ. ಈ ಕಾರಿಗೆ ಕಾರ್ಬ್ಯುರೇಟರು ಇಲ್ಲ. ಎಷ್ಟು ಪೆಟ್ರೋಲು, ಯಾವ ಗಳಿಗೆಯಲ್ಲಿ ಚಿಮ್ಮಬೇಕೆಂದು ಲೆಕ್ಕ ಹಾಕುವುದು ಒಂದು ಡಬ್ಬಿ. ಚಕ್ರ ಎಷ್ಟೇ ರಭಸದಿಂದ ತಿರುಗಲಿ, ಗಾಳಿ ಎಷ್ಟು ಬಂತು, ನೀರು ಎಷ್ಟು ಕಾಯ್ದಿದೆ ಎಂದು ಮತ್ತೆ ಮತ್ತೆ ಕೇಳಿಕೊಂಡು, ಪ್ರತಿ ಸುತ್ತಿಗೂ ಹೊಸ ಲೆಕ್ಕ.

"ಲೆಕ್ಕ ಹಾಕೂದು ಅಂದ್ರ?" ಎಂದು ಕೇಳಿದೆ.

"ಕಂಪ್ಯೂಟರ್, ಬಾಯಿ" ಎಂದ ಅವನು. ಮರಾಠಿಯಲ್ಲಿ ಬಾಯಿ ಎಂದರೆ ಅಕ್ಕೋರೇ. ಡ್ರೈವರನ ಪಕ್ಕದಲ್ಲಿ ಕೂತವರು ಕಾಲು ಚಾಚುವ ಜಾಗದಲ್ಲಿ ಚಾಪೆ ಎತ್ತಿ, ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆಯನ್ನು ತೋರಿಸಿದ. ಅದರ ಮೇಲಿನ ಚಾಪೆಯಲ್ಲಿ ಸಾಹುಕಾರರ ಚಪ್ಪಲಿಯ ಕೆಂಪು ಮಣ್ಣು ಒಣಗಿತ್ತು.

ನಾನು ಆ ಮಣ್ಣನ್ನೇ ನೋಡುತ್ತ ನಿಂತೆ. ಪರದೆ, ಚಾಪೆ, ಬೀಗ, ಬರಿಗಾಲು, ಕೈಮುಗಿದ ಮಕ್ಕಳು, ಇಷ್ಟು ಗೌರವ ಪಡೆದ ಯಂತ್ರ ನನ್ನ ಒಂದು ವೃತ್ತವನ್ನು ಮುಗಿಸಲಾಗದೆ ಕತ್ತಲಾಗಿತ್ತು. ಇದೋ, ಹೆದ್ದಾರಿಯ ಗುಂಡಿಗಳಲ್ಲಿ ಕುಲುಕಾಡುತ್ತ, ಬಿಸಿಯಲ್ಲಿ, ಧೂಳಿನಲ್ಲಿ, ಚಪ್ಪಲಿಗಳ ಕೆಳಗೆ ಕೂತು ಎಡೆಬಿಡದೆ ಎಣಿಸುತ್ತಿತ್ತು. ಇದು ಕಂಪ್ಯೂಟರೆಂದು ಒಳಗೆ ಕೂತವರಿಗೂ ತಿಳಿದಿರಲಿಲ್ಲ.

ಎಂಜಿನಿಯರು ಕೊನೆಗೆ ಇನ್ನೊಂದು ಉಪಾಯ ಹೇಳಿಕೊಟ್ಟ. ಪೆಟ್ಟಿಗೆಯ ಹತ್ತಿರ ಎರಡು ರಂಧ್ರದ ಒಂದು ಸಣ್ಣ ಪ್ಲಗ್ಗಿದೆ. ಅವೆರಡನ್ನು ಒಂದು ತುಂಡು ವಾಯರಿನಿಂದ ಕೂಡಿಸಿ ಚಾವಿ ತಿರುಗಿಸಿದರೆ, ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಮಿಣುಕಿ, ಕಾರು ತನ್ನ ದೋಷವನ್ನು ತಾನೇ ಹೇಳುತ್ತದೆ. ಉದ್ದ ಮಿಣುಕು ಮೊದಲು, ಗಿಡ್ಡ ಮಿಣುಕು ಆಮೇಲೆ. ತುಸು ತಡೆದು ಮತ್ತೆ ಅದನ್ನೇ ಹೇಳುತ್ತದೆ. ಯಾವುದಕ್ಕೆ ಏನರ್ಥ ಎಂದು, ಮೂರು ಮಿಣುಕಿನ ಮುಖ್ಯವಾದ ಕೆಲವನ್ನು ಹೇಳಿದ. ಅಣ್ಣ ಪ್ರತಿ ಮಾತಿಗೂ "ಹೋಯ್, ಹೋಯ್" (ಹೌದು, ಹೌದು) ಎಂದು ತಲೆಯಾಡಿಸಿದ. "ಕಾಕಾ, ಸಮಜಲಾ ಕಾ, ಕೀ ಪುನ್ಹಾ ಸಾಂಗೂ?" (ತಿಳಿಯಿತೇ, ಮತ್ತೆ ಹೇಳಲೇ?) ಎಂದು ಅವನು ಕೇಳಿದ್ದಕ್ಕೂ "ಚಹಾ ಕುಡಿದು ಹೋಗ್ರಿ" ಎಂದು ಉತ್ತರಿಸಿದ. ಅವನಿಗೆ ಒಂದು ಮಾತೂ ಕೇಳಿಸಿರಲಿಲ್ಲ.

ಹುಡುಗ ಹೋದ ಮೇಲೆ ನಾನು ಅಣ್ಣನ ಎದುರಿಗೆ ಕೂತು ಅವನ ಕೈ ಹಿಡಿದು ಅಂಗೈಯ ಮೇಲೆ ಬೆರಳು ಒತ್ತಿದೆ. ಒಮ್ಮೆ ಉದ್ದಕ್ಕೆ, ಎರಡು ಸಲ ಗಿಡ್ಡಕ್ಕೆ.

"ಇದೇನು?"

ಅವನು ಕ್ಷಣ ಯೋಚಿಸಿದ. ಅವನ ಮುಖದಲ್ಲಿ ಜುಗೂಳದ ಕಟ್ಟೆಯ ಹುಡುಗ ಕಾಣಿಸಿಕೊಂಡ. "ಗುರು, ಲಘು, ಲಘು. ಭಗಣ."

"ಭಗಣ ಬಂದ್ರ ಗಾಳಿ ಅಳತಿ ಮಾಡೂ ತುಂಡಿಂದು ತಕರಾರು. ಮೂರೂ ಲಘು ಬಂದ್ರ?"

"ನಗಣ. ಅದು ಯಾವ ಜಡ್ಡು?"

ಹೀಗೆ ಆ ಮಧ್ಯಾಹ್ನ ನಾವು ಕಾರಿನ ದೋಷಗಳನ್ನು ಗಣಗಳಾಗಿ ಕಲಿತೆವು. ಉದ್ದವೇ ಮೊದಲು ಬರುವುದರಿಂದ, ಲಘುವಿನ ನಂತರ ಗುರು ಎಂದೂ ಬರಲಾರದು ಎಂಬುದನ್ನು ನಾನು ಗಮನಿಸಿದೆ. ಎಂಟು ಗಣಗಳಲ್ಲಿ ಈ ಕಾರಿಗೆ ಬರುತ್ತಿದ್ದವು ನಾಲ್ಕೇ. "ಅರ್ಧಾ ಸಾಲಿ ಕಲ್ತೈತಿ, ನನ್ನಂಗ" ಎಂದ ಅಣ್ಣ. ಕಿವಿಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ತಿಂಗಳು ದಸರೆ. ನವಮಿಯ ದಿನದ ಆಯುಧಪೂಜೆಗೆ ನಮ್ಮ ಕಡೆ ಖಂಡೇಪೂಜೆ ಎನ್ನುತ್ತಾರೆ. ಕುಡಗೋಲಿನಿಂದ ಹಿಡಿದು ತಕ್ಕಡಿಯವರೆಗೆ ದುಡಿಯುವ ಎಲ್ಲ ಸಾಮಾನನ್ನೂ ತೊಳೆದು, ವಿಭೂತಿ-ಕುಂಕುಮ ಹಚ್ಚಿ ಕೂಡಿಸುತ್ತಾರೆ. ಒಮ್ಮೆ ಕೂತ ಸಾಮಾನನ್ನು ಮರುದಿನ ಬನ್ನಿ ಮುಡಿಯುವ ತನಕ ಎತ್ತುವಂತಿಲ್ಲ. ಅದೂ ವಿಶ್ರಾಂತಿ ಪಡೆಯಬೇಕು. ಪೂಜೆಯ ಹಿಂದಿನ ದಿನ ಗಿರಾಕಿಗಳ ಗಾಡಿಗಳನ್ನೆಲ್ಲ ತೊಳೆದು ಕೊಡುವುದು ಅಣ್ಣನ ಪದ್ಧತಿ. ಬಾನೆಟ್ಟು ತೆರೆದು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಎಂಜಿನ್ನಿನ ಸಂದುಸಂದಿಗೂ ನೀರು ಹೊಡೆದು, ವರ್ಷದ ಎಣ್ಣೆ-ಮಣ್ಣನ್ನೆಲ್ಲ ಇಳಿಸುತ್ತಿದ್ದ. ಜೀಪು, ಲಾರಿಗಳು ಆ ಸ್ನಾನಕ್ಕೆ ಒಗ್ಗಿಹೋಗಿದ್ದವು. ಆ ವರ್ಷ ಸಾಹುಕಾರರ ಹೊಸ ಕಾರಿಗೂ ಅದೇ ಸ್ನಾನ ಆಯಿತು, ಒಳಗಿನ ಚಾಪೆಗಳ ಸಮೇತ.

ಪೂಜೆಯ ದಿನ ಮೊದಲ ಬಸ್ಸಿಗೆ ನಾನು ಚಿಕ್ಕೋಡಿಯಿಂದ ಬಂದಿಳಿದಾಗ ಗ್ಯಾರೇಜಿನ ಒಳಗೆ ಸಾಮಾನುಗಳ ಪೂಜೆ ಮುಗಿದಿತ್ತು. ನಟ್ಟು ಬಿಚ್ಚುವ ಪಾನಾಗಳು ಗಾತ್ರದ ಪ್ರಕಾರ ಸಾಲಾಗಿ ಕೂತಿದ್ದವು. ನಡುವೆ ಆ ಉದ್ದನೆಯ ಸ್ಕ್ರೂಡ್ರೈವರು, ಹಿಡಿಗೆ ಚೆಂಡು ಹೂವಿನ ಸರ. ಹೊರಗೆ ಸಾಹುಕಾರರ ಕಾರು ನಿಂತಿತ್ತು. ಅದರ ಮುಂದೆ ಅವರ ಡ್ರೈವರು, ಹಬ್ಬದ ಬಿಳಿ ಅಂಗಿಯಲ್ಲಿ ಕೂಗಾಡುತ್ತಿದ್ದ.

"ನಿನ್ನೆ ಛಲೋ ಇತ್ತು! ನೀ ತೊಳದ ಮ್ಯಾಲ ಕೆಮ್ಮಾಕತ್ತೈತಿ. ನಾಳೆ ಸಾಹುಕಾರ್ರು ಅಥಣಿಗೆ ಹೋಗವ್ರು, ಮಗಳನ್ನ ಹಬ್ಬಕ್ಕ ಕರ್ಕೊಂಡ ಬರಾಕ. ಸಂಜೀಕ ಗಾಡಿ ರೆಡಿ ಆಗಲಿಲ್ಲಂದ್ರ ಕೊಲ್ಲಾಪುರಕ್ಕ ಎಳಸ್ತೀನಿ ಅಂದಾರ. ಇನ್ನ ಮ್ಯಾಲ ಜೀಪು, ಲಾರಿ ಎಲ್ಲಾ ಅಲ್ಲೇ ಅಂತ ಹೇಳ್ಯಾರ. ಕೇಳ್ತೇನು?"

ಅಣ್ಣನಿಗೆ ಕೇಳಿರಲಿಲ್ಲ, ಆದರೆ ತಿಳಿದಿತ್ತು. ಡ್ರೈವರು ಕಾರು ಬಿಟ್ಟು ಕಾಲ್ನಡಿಗೆಯಲ್ಲಿ ಹೋದ. ಅಣ್ಣ ಗ್ಯಾರೇಜಿನ ಮೆಟ್ಟಿಲ ಮೇಲೆ ಕುಸಿದು ಕೂತ. ಅವನ ಮುಷ್ಟಿಯಲ್ಲಿ ಒಂದು ತುಂಡು ವಾಯರು ಇತ್ತು.

"ದೀಪ ನೋಡ್ದೆ" ಎಂದ ನನಗೆ. ಕಿವಿ ಹೋದ ಮೇಲೆ ಅವನ ಮಾತು ಯಾವಾಗಲೂ ಗಟ್ಟಿ. ಅಂದು ಮಾತ್ರ ಪಿಸುಗುಟ್ಟಿದ. "ಲಘು, ಗುರು, ಲಘು. ಜಗಣ. ಆ ಹುಡುಗ ಹೇಳಿದ್ರಾಗ ಜಗಣ ಇಲ್ಲ. ಡಬ್ಬಿನ ಸುಟ್ಟೈತಿ. ನೀರ ಹೊಕ್ಕೈತಿ ಅದ್ರಾಗ. ನನ್ನ ಕೈಯಾರೆ ಹೊಡ್ದೀನಿ." ವಾಯರನ್ನು ಬೆರಳಿಗೆ ಸುತ್ತುತ್ತ, "ಶೀರ್ಷಾಸನ ಹಾಕಿದ್ರೂ ಇನ್ನ ಗ್ಯಾರೇಜ್ ನಡ್ಯಾಂಗಿಲ್ಲ. ಜುಗೂಳಕ್ಕ ಹೋಗ್ತೀನಿ. ಕಬ್ಬಿಗೆ ನೀರ ಹಾಯಿಸಾಕ ಕಿವಿ ಬೇಕಾಗಾಂಗಿಲ್ಲ" ಎಂದ.

ವೈನಿ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನೆದುರು ಅವನು ಕಿವಿಯ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ನಾನು ಎದುರಿಗೆ ಹೋಗಿ ನಿಂತೆ. "ಜಗಣ ಬರಾಂಗಿಲ್ಲ."

"ಬಂತಲ್ಲ ಬೇ. ಕಣ್ಣಾರೆ ನೋಡೀನಿ."

"ಬರಾಕ ಸಾಧ್ಯನ ಇಲ್ಲ. ಉದ್ದ ಮೊದಲು ಬರ್ತೈತಿ ಅಂದಾನ ಅಂವಾ. ಲಘು ಆದ ಮ್ಯಾಲ ಗುರು ಹೆಂಗ ಬರ್ತೈತಿ? ನೀ ನಡುವಿಂದ ಓದೀದಿ. ಯತಿ ತಪ್ಪಿಸೀದಿ."

ಪದ್ಯ ಓದುವಾಗ ಉಸಿರು ನಿಲ್ಲಿಸಬೇಕಾದ ಜಾಗಕ್ಕೆ ಯತಿ ಎನ್ನುತ್ತಾರೆ. ಅಣ್ಣ ನನ್ನ ತುಟಿಯನ್ನೇ ನೋಡುತ್ತಿದ್ದ. ಅವನ ಪಕ್ಕದಲ್ಲೇ ಡ್ರೈವರು ನಿಂತು ಕೈಬೀಸುತ್ತಿದ್ದಾಗ, ಅವನ ಕಣ್ಣು ದೀಪದಿಂದ ಅತ್ತ ಹೊರಳಿ ಮತ್ತೆ ದೀಪಕ್ಕೆ ಬಂದಿರಬೇಕು. ಅಷ್ಟರಲ್ಲಿ ಯತಿ ಕಳೆದುಹೋಗಿ, ಒಂದು ಸುತ್ತಿನ ಬಾಲಕ್ಕೆ ಮುಂದಿನ ಸುತ್ತಿನ ತಲೆ ಅಂಟಿಕೊಂಡಿತ್ತು.

"ನಮ್ಮ ಕವಿಗಳು ಯತಿ ಮೀರಿದ್ರ ನಡೀತೈತಿ" ಎಂದೆ. "ಕಾರು ಮೀರಾಂಗಿಲ್ಲ. ಏಳ."

ಅವನು ಎದ್ದ. ಪೂಜೆಗೆ ಕೂತ ಒಂದು ಪಾನಾವನ್ನೂ ಮುಟ್ಟುವಂತಿರಲಿಲ್ಲ. ಆದರೆ ವಾಯರಿನ ತುಂಡು ಪೂಜೆಯಲ್ಲಿರಲಿಲ್ಲ, ಕಣ್ಣುಗಳೂ ಇರಲಿಲ್ಲ. ಎರಡು ರಂಧ್ರಗಳನ್ನು ಕೂಡಿಸಿ ಚಾವಿ ತಿರುಗಿಸಿದ. ಇಬ್ಬರೂ ಬಗ್ಗಿ ದೀಪಕ್ಕೆ ಕಣ್ಣು ನೆಟ್ಟೆವು. ನಾನು ಅವನ ಭುಜದ ಮೇಲೆ ಕೈಯಿಟ್ಟಿದ್ದೆ. ಮಿಣುಕು ನಿಂತ ಕೂಡಲೇ ಭುಜ ಅದುಮಿದೆ: ಯತಿ. ದೀಪ ಮತ್ತೆ ಹೊತ್ತಿತು. ಉದ್ದ. ಗಿಡ್ಡ. ಗಿಡ್ಡ. ಭುಜ ಅದುಮಿದೆ. ಉದ್ದ, ಗಿಡ್ಡ, ಗಿಡ್ಡ.

"ಭಗಣ!" ಎಂದು ಅಣ್ಣ ಕಿರುಚಿದ ರಭಸಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಡಬ್ಬಿಗೆ ಏನೂ ಆಗಿಲ್ಲ. ಗಾಳಿ ಅಳತಿ ಮಾಡೂ ತುಂಡು!"

ಬಾನೆಟ್ಟು ತೆರೆದು, ಆ ತುಂಡಿಗೆ ಬಂದ ವಾಯರಿನ ತೊಪ್ಪಿಗೆಯನ್ನು ಬೆರಳಿನಿಂದಲೇ ಬಿಚ್ಚಿದ. ಒಳಗಿನಿಂದ ಅಂಗೈಗೆ ನಾಲ್ಕು ಹನಿ ನೀರು ಬಿದ್ದವು. ವೈನಿ ತನ್ನ ಹಳೆಯ ಇಳಕಲ್ ಸೀರೆಯ ಒಂದು ತುಂಡು ತಂದುಕೊಟ್ಟಳು. ಒರೆಸಿ, ಊದಿ, ಮಧ್ಯಾಹ್ನದ ಬಿಸಿಲಿಗೆ ಬಿಟ್ಟೆವು. ಹಬ್ಬದ ಊಟ ಉಂಡೆವು. ಹೋಳಿಗೆಯ ರುಚಿ ಯಾರಿಗೂ ತಿಳಿಯಲಿಲ್ಲ. ಬಂದು ತೊಪ್ಪಿಗೆ ಸಿಕ್ಕಿಸಿ ಶುರು ಮಾಡಿದ. ಹಳದಿ ದೀಪ ಆರಿತು.

ಅವನು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಆ ಕಾರು ಅಂಗೈಗೆ ಏನೂ ಹೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ತಲೆಯೆತ್ತಿ ನನ್ನನ್ನು ಕೇಳಿದ:

"ದನಿ ಹೆಂಗೈತಿ ತಂಗೀ?"

ಎಷ್ಟೋ ವರ್ಷಗಳ ಮೇಲೆ ಅವನ ಬಾಯಿಂದ ಆ ಸಂಬೋಧನೆ ಬಂದಿತ್ತು. ಎಂಜಿನ್ನಿನ ದನಿಯ ಬಗ್ಗೆ ಅವನಿಗೆ ಹೇಳುವಷ್ಟು ನಾನು ಬಲ್ಲವಳಲ್ಲ. ಆದರೂ ಬಗ್ಗಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದೆ.

"ಎಲ್ಲಾ ಲಘು" ಎಂದೆ. "ಒಂದೂ ಗುರು ಇಲ್ಲ."

ಅವನು ತಲೆಯಾಡಿಸಿದ. ನೆಟ್ಟಗೆ ಓಡುವ ಎಂಜಿನ್ನು ಹಾಗೆಯೇ ಇರಬೇಕು. ನಡುವೆ ಒಂದು ಬಡಿತ ಉದ್ದವಾದರೆ ಅದೇ ಕೆಮ್ಮು.

ಮರುದಿನ ಬೆಳಗ್ಗೆ ಕಾರು ಅಥಣಿಗೆ ಹೋಯಿತು. ಇಳಿಹೊತ್ತಿಗೆ ಸಾಹುಕಾರರು ಮಗಳನ್ನು ಮನೆಗೆ ಬಿಟ್ಟು, ಬನ್ನಿ ಕೊಡಲು ನೆಟ್ಟಗೆ ಗ್ಯಾರೇಜಿಗೆ ಬಂದರು. ಅಣ್ಣ ರಸ್ತೆಗೆ ಬೆನ್ನು ಹಾಕಿ, ನನ್ನ ಮತ್ತು ವೈನಿಯ ಕಡೆ ಮುಖ ಮಾಡಿ ತೋರಣ ಸರಿಪಡಿಸುತ್ತಿದ್ದ. ಡ್ರೈವರ್ ಹಾರ್ನು ಹೊಡೆದ. ಅಣ್ಣ ತಿರುಗಲಿಲ್ಲ. ಮತ್ತೆ ಹೊಡೆದ. ಸಾಹುಕಾರರು ಇಳಿದು ಬಂದು, ಅವನ ಬೆನ್ನ ಹಿಂದೆ ನಿಂತು ನನಗೆ ದೂರಿದರು.

"ನೋಡ್ರಿ ಅಕ್ಕೋರ, ಹಿಂಗ ಇಂವಾ. ಹಾರ್ನ್ ಹೊಡದ್ರೂ ತಿರುಗಿ ನೋಡಾಂಗಿಲ್ಲ. ಬಜಾರದಾಗ ಕೂಗಿದ್ರ ಹೊಳ್ಳಿ ನೋಡಾಂಗಿಲ್ಲ. ಮೊದಲ ಹಿಂಗ ಇರಲಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮುಖ ನೋಡಿ ಅಣ್ಣ ತಿರುಗಿದ. ಸಾಹುಕಾರರನ್ನು ಕಂಡು ಕೈಮುಗಿದ. ಒಂದು ಕ್ಷಣ ಪೂಜೆಗೆ ಕೂತ ಸ್ಕ್ರೂಡ್ರೈವರಿನ ಕಡೆ ನೋಡಿದ. ಆಮೇಲೆ ಹೇಳಿದ:

"ಸಾಹುಕಾರ್ರ, ನನಗ ಕಿವಿ ಕೇಳ್ಸಾಂಗಿಲ್ರಿ. ಭಾಳ ದಿನ ಆತು. ಹಳೇ ಗಾಡಿ ಇನ್ನ ನನ್ನ ಕೈಲೆ ಎಷ್ಟ ದಿನ ಆಗ್ತಾವೋ ಗೊತ್ತಿಲ್ಲ. ನಿಮ್ಮ ಹೊಸಾ ಗಾಡಿ ಕಣ್ಣಿಗೆ ಹೇಳ್ತೈತಿ. ಅದನ್ನ ಓದಾಕ ಬರ್ತೈತಿ ನನಗ. ನೀರ ಹೊಡದ ಕೆಡಿಸಿದಾಂವನೂ ನಾನಽ ರಿ. ಕೊಲ್ಲಾಪುರಕ್ಕ ಕಳಸ್ತೀನಿ ಅಂದ್ರ ಕಳಸ್ರಿ."

ಸಾಹುಕಾರರು ಬನ್ನಿಯ ಎಲೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಅವರ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಒಂದು ಬಗೆಯ ನಿರಾಳ.

"ಕಿವುಡ ಆಗೀಯೇನಲೇ? ಥೂ ನಿನ್ನ!" ಎಂದರು. ಅಣ್ಣನಿಗೆ ತಿಳಿಯಲೆಂದು ಅವನ ಹತ್ತಿರಕ್ಕೆ ಬಂದು, ಮುಖಕ್ಕೆ ಮುಖ ಕೊಟ್ಟು, ಬಾಯಿ ಅಗಲಿಸಿ ಹೇಳಿದರು: "ನಿನಗ ಸೊಕ್ಕು ಬಂದೈತಿ ಅಂತ ತಿಳದಿದ್ನೋ ನಾ! ಮಿಸ್ತ್ರಿ ದೊಡ್ಡಾಂವ ಆಗ್ಯಾನ, ಕೂಗಿದ್ರ ಹೊಳ್ಳಿ ನೋಡವಲ್ಲ ಅಂತ ಮನಿಯಾಗ ಎಷ್ಟ ಸಲ ಬೈದೀನಿ. ಅದಕ್ಕಽ ಕೊಲ್ಲಾಪುರ ಅಂದಿದ್ದು. ಕಿವುಡ ಆದ್ರ ನಡೀತೈತಿ. ಸೊಕ್ಕು ನಡ್ಯಾಂಗಿಲ್ಲ ನನ್ನ ಹತ್ರ."

ಅಣ್ಣನ ಕೈಗೆ ಬನ್ನಿ ಇಟ್ಟು, "ಬಂಗಾರ ತೊಗೊಂಡು ಬಂಗಾರದಂಗ ಇರೂಣು" ಎಂದರು. ಅಣ್ಣ ಬಗ್ಗಿ ಅವರ ಕಾಲು ಮುಟ್ಟಿದ. ಡ್ರೈವರು ಆಕಾಶ ನೋಡಿದ.

ಅಣ್ಣ ಹಳೆಯ ಜೀಪು, ಲಾರಿಗಳನ್ನು ಮುಂದೆ ಒಬ್ಬ ಪಾಲುದಾರನಿಗೆ ಒಪ್ಪಿಸಿ, ದೀಪದ ಕಾರುಗಳನ್ನು ತಾನು ನೋಡಿಕೊಂಡ. ಅಂಥವು ನಿಪ್ಪಾಣಿಯಲ್ಲಿ ವರ್ಷ ವರ್ಷ ಹೆಚ್ಚಿದವು. ಖಂಡೇಪೂಜೆಗೆ ಅವುಗಳ ಎಂಜಿನ್ನನ್ನು ಹಸಿ ಬಟ್ಟೆಯಿಂದ ಒರೆಸಿ, ಕುಂಕುಮದ ಬೊಟ್ಟಿಟ್ಟು ಮುಗಿಸುತ್ತಿದ್ದ. ನಾನು ಶಾಲೆ ಬಿಟ್ಟು ಈಗ ಕೆಲವು ವರ್ಷಗಳಾದವು. ಇಂದಿನ ಕಾರುಗಳಲ್ಲಿ ಒಂದಲ್ಲ, ಹಲವು ಡಬ್ಬಿಗಳಿವೆಯಂತೆ. ಅವು ತಮ್ಮತಮ್ಮಲ್ಲೇ ಮಾತನಾಡಿಕೊಂಡು, ದೋಷವನ್ನು ತೆರೆಯ ಮೇಲೆ ಪೂರ್ಣ ವಾಕ್ಯದಲ್ಲಿ ಬರೆದು ತೋರಿಸುತ್ತವಂತೆ. ಗುರು-ಲಘು ಬಲ್ಲವರ ಅಗತ್ಯ ಅವುಗಳಿಗಿಲ್ಲ. ಅಣ್ಣನಿಗೆ ಅದರ ಬಗ್ಗೆ ಸ್ವಲ್ಪ ಬೇಸರವಿದೆ. ನನಗೂ ಇದೆ.

ಆ ಬನ್ನಿಯ ಸಂಜೆ ಸಾಹುಕಾರರೇ, "ಗಾಡಿ ತೊಗೊಂಡ ಹೋಗಿ ಅಕ್ಕೋರನ್ನ ಸ್ಟ್ಯಾಂಡಿಗೆ ಬಿಟ್ಟ ಬಾ" ಎಂದು ಅಣ್ಣನ ಕೈಗೆ ಚಾವಿ ಕೊಟ್ಟರು. ನಾನು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಮುಂದಿನ ಸೀಟಿನಲ್ಲಿ ಕೂತೆ. "ಯಾಕ?" ಎಂದು ಅಣ್ಣ ಕೇಳಿದ. ಕಾಲಡಿಯ ಚಾಪೆಯನ್ನು ತೋರಿಸಿದೆ. ಅವನು ಸ್ಟ್ಯಾಂಡಿನವರೆಗೂ ನಗುತ್ತಲೇ ಬಂದ.

ಚಿಕ್ಕೋಡಿಯ ಬಸ್ಸು ಹೊರಡುತ್ತಿತ್ತು. ಕಿಟಕಿಯಲ್ಲಿ ಕೂತು ಕಣ್ಣೊರೆಸಿಕೊಂಡೆ. ಅದನ್ನು ಅಣ್ಣ ದೂರದಿಂದ ನೋಡಿದನೆಂದು ತೋರುತ್ತದೆ. ಇಳಿಬಿಸಿಲಿನಲ್ಲಿ ನಿಂತ ಕಾರಿನ ಹೆಡ್‌ಲೈಟು ಹೊತ್ತಿತು: ಒಮ್ಮೆ ಉದ್ದಕ್ಕೆ, ಎರಡು ಸಲ ಗಿಡ್ಡಕ್ಕೆ.

ಭಗಣ. ಎಲ್ಲೋ ನೀರು ತಾಗಿದೆ.

ಬಸ್ಸು ತಿರುಗುವಷ್ಟರಲ್ಲಿ ಅದು ಇನ್ನೊಮ್ಮೆ ಮಿಣುಕಿತು. ಎರಡರ ನಡುವೆ ಯತಿ ಸರಿಯಾಗಿ ಬಿದ್ದಿತ್ತು.